ಬಾಡಿಗೆ ಮನೆಯವಳ ಅವರೆಬೇಳೆ

ಅವರೆಕಾಯಿಯ ಕಾಲ ಬಂತೆಂದರೆ ನನಗೆ ತಂಗಿಯ ಮೇಲಿನ ಹೊಟ್ಟೆಕಿಚ್ಚು ಹೆಚ್ಚುತ್ತಿತ್ತು. ಉಳಿದ ಕಾಲದಲ್ಲಿ ಇರಲಿಲ್ಲವೆಂದಲ್ಲ. ತೊಂಬತ್ತರ ದಶಕದ ಕೊನೆಯ ಮಾತಿದು. ಅವಳ ಗಂಡನಿಗೆ ಬೆಂಗಳೂರಿನ ಬ್ಯಾಂಕೊಂದರಲ್ಲಿ ಗುಮಾಸ್ತೆ ಕೆಲಸ. ಇಬ್ಬರೂ ಅಲ್ಲಿ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದರು. ನಾನು ಹೊಳೆನರಸೀಪುರದಲ್ಲಿ, ಮಾವನವರು ಕಟ್ಟಿಸಿದ ಹೆಂಚಿನ ಮನೆಯಲ್ಲಿ. ಅವಳಿಗೆ ಲಿಫ್ಟು, ಬಾಲ್ಕನಿ, ಅಡುಗೆಮನೆಯೊಳಗೇ ನಲ್ಲಿ. ನನಗೆ ಹಿತ್ತಲ ಬಾವಿ, ಮತ್ತು ನಾನು ನೀರು ಸೇದುವುದನ್ನು ನೋಡುತ್ತ ಕೂರುವ ಅತ್ತೆ.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಹಳೇಕೋಟೆ ಕಡೆಯ ನಮ್ಮ ತವರಿನ ಹೊಲದಲ್ಲಿ ಬೆಳೆದ ಒಳ್ಳೆಯದೆಲ್ಲ ಅವಳಿಗೇ ಹೋಗುತ್ತಿತ್ತು. ಇಬ್ಬನಿ ಬಿದ್ದು ಸೊಗಡೇರಿದ ಅವರೆಕಾಯಿ ಸುಲಿದು, ಕಾಳು ನೆನೆಹಾಕಿ, ಅವ್ವ ಬೆಳಿಗ್ಗೆಯೇ ಜಗಲಿಯಲ್ಲಿ ಕೂರುತ್ತಿದ್ದಳು. ಒಂದೊಂದೇ ಕಾಳನ್ನು ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಲುಳಿದು ಬೇಳೆ ಬೋಗುಣಿಗೆ ಹಾರುತ್ತಿತ್ತು. ಹಿತುಕಿದ ಬೇಳೆಯ ಸಾರು ಉಣ್ಣಲು ಎಷ್ಟು ಹೊತ್ತು? ಹಿತುಕಲು ಮಾತ್ರ ಅರ್ಧ ದಿನ ಬೇಕು. ಆ ಬೇಳೆ ಸ್ಟೀಲ್ ಡಬ್ಬಿ ತುಂಬಿ ಬೆಂಗಳೂರು ಬಸ್ಸು ಹತ್ತುತ್ತಿತ್ತು. ನನಗೆ ಸಿಗುತ್ತಿದ್ದುದು ಬಲಿತ ಕಾಯಿ, ಅದೂ ಸುಲಿಯದೆ.

ಕೇಳಿದರೆ ಅವ್ವನದು ಒಂದೇ ಮಾತು. “ಪಾಪ ಕಣ್ಮಗ, ಬಾಡ್ಗೆ ಮನೇಲವ್ಳೆ.”

ನನಗೆ ಮೈ ಉರಿಯುತ್ತಿತ್ತು. ಲಿಫ್ಟಿನಲ್ಲಿ ಓಡಾಡುವವಳು ಪಾಪವಂತೆ!

ಒಂದು ವರ್ಷ ನಾನೇ ಬೆಂಗಳೂರಿಗೆ ಹೋಗಬೇಕಾಗಿ ಬಂತು. ನಮ್ಮವರ ಕಡೆಯ ಮದುವೆ. ಅವ್ವನಿಗೆ ಅದು ಹೇಗೆ ತಿಳಿಯಿತೋ, ಬೆಳಗಿನ ಬಸ್ಸಿಗೆ ಡಬ್ಬಿಯೊಂದಿಗೆ ಹಾಜರು. ಹಿರೀಸಾವೆಯಲ್ಲಿ ಕಾಫಿಗೆ ಬಸ್ಸು ನಿಂತಾಗ ತೊಡೆಯ ಮೇಲಿದ್ದ ಡಬ್ಬಿಯ ಮುಚ್ಚಳ ಸರಿಸಿ ಮೂಸಿದೆ. ಎಂಥ ಎಳೆ ಬೇಳೆ! ನಾನು ಹೆತ್ತ ಮಕ್ಕಳು ಅವ್ವನಿಗೆ ಮೊಮ್ಮಕ್ಕಳಲ್ಲವೇ ಎನ್ನಿಸಿತು. ಕಾಫಿ ಕುಡಿಯಲಿಲ್ಲ.

ತಂಗಿಯ ಮನೆ ನಿಜಕ್ಕೂ ಕಣ್ಣು ಕುಕ್ಕುವಂತಿತ್ತು. ನೆಲ ಫಳಫಳ ಹೊಳೆಯುತ್ತಿತ್ತು. ದೇವರ ಪಟಗಳು ಮಾತ್ರ ಗೋಡೆಯ ಮೇಲಿರದೆ ಫ್ರಿಜ್ಜಿನ ಮೇಲೆ ಒರಗಿ ನಿಂತಿದ್ದವು. ಗೋಡೆಗೆ ಮೊಳೆ ಹೊಡೆಯಲು ಓನರ್ ಬಿಡುವುದಿಲ್ಲವಂತೆ. ನಾನು ಮೂಗು ಮುರಿಯುವಷ್ಟರಲ್ಲಿ ಅವಳು ಡಬ್ಬಿ ತೆರೆದು, ಕಣ್ಣು ಮುಚ್ಚಿ ಒಂದು ಸಲ ಮೂಸಿ, ಬೇಳೆಯನ್ನೆಲ್ಲ ಹೊಸ ಪಾತ್ರೆಗೆ ಸುರಿದಳು. ತಲೆ ಬಾಚಿ, ಸೀರೆ ಸರಿಮಾಡಿಕೊಂಡು, “ಬಾ ಅಕ್ಕ, ಓನರ್ ಆಂಟಿಗೆ ಕೊಟ್ಬುಟ್ಟು ಬರಣ,” ಎಂದಳು.

ಓನರ್ ಮನೆ ಐದನೇ ಮಹಡಿಯಲ್ಲಿತ್ತು. ಬಾಗಿಲು ತೆರೆದ ಹೆಂಗಸು ಒಳಗೆ ಕರೆಯಲಿಲ್ಲ. ಪಾತ್ರೆಯನ್ನು ಇಸಿದುಕೊಂಡು ಇಣುಕಿದಳು.

“ಅವರೆಬೇಳೇನಾ? ಹೋದ ಸಲದ್ದು ಯಾಕೋ ಸ್ವಲ್ಪ ಬಲ್ತಿತ್ತಮ್ಮ.”

“ಈ ಸಲ ಪೂರ್ತಿ ಎಳೇದು ಆಂಟಿ,” ಎಂದಳು ನನ್ನ ತಂಗಿ. ನನ್ನೊಂದಿಗೆ ಯಾವತ್ತೂ ಆಡದಂಥ ಮೆತ್ತನೆಯ ದನಿ.

ಲಿಫ್ಟಿನಲ್ಲಿ ಇಳಿಯುವಾಗ ಅವಳು ನನ್ನ ಮುಖ ನೋಡಲಿಲ್ಲ. “ಬರೋ ತಿಂಗ್ಳು ಅಗ್ರಿಮೆಂಟ್ ಮುಗೀತದೆ ಕಣಕ್ಕ. ಮಗಳು ಬತ್ತಾಳೆ, ಮನೆ ಬೇಕಾಗ್ಬೋದು ಅಂತ ಆವಾಗಾವಾಗ ಅಂತಾನೇ ಇರ್ತಾರೆ. ಇನ್ನೊಂದ್ಸಲ ಗಂಟುಮೂಟೆ ಕಟ್ಟೋಕೆ ನನ್ ಕೈಲಾಗಕಿಲ್ಲ.”

“ಒಂದು ಹಿಡಿಯಾದ್ರೂ ನಿಂಗೆ ಅಂತ ಮಡಗ್ಕೋಬಾರ್ದಿತ್ತಾ?”

“ಕಮ್ಮಿ ಕಂಡ್ರೆ ಚೆನ್ನಾಗಿರಕಿಲ್ಲ. ಅವ್ವಂಗೆ ಏಳ್ಬೇಡ.”

ಆ ರಾತ್ರಿ ನಾವು ಟೊಮೇಟೊ ಸಾರು ಉಂಡೆವು. ಪಾಪ ಅನ್ನಿಸಿತು, ನಿಜ. ಆದರೆ ಹೊಟ್ಟೆಕಿಚ್ಚು ತಣ್ಣಗಾಗಲಿಲ್ಲ, ಮೂರು ಮಹಡಿ ಮೇಲೆ ಹತ್ತಿತು ಅಷ್ಟೇ. ನನ್ನ ಅವ್ವ ಅರ್ಧ ದಿನ ಬೆನ್ನು ಬಗ್ಗಿಸಿ ಹಿತುಕಿದ್ದನ್ನು ಗೊತ್ತಿಲ್ಲದ ಯಾವಳೋ ಉಂಡು, ಬಲಿತಿತ್ತು ಎಂದು ಹೆಸರಿಡುತ್ತಾಳೆ. ನಾನು ಕೇಳಿದರೆ ಇಲ್ಲ!

ಊರಿಗೆ ಬಂದವಳೇ ನೇರ ತವರಿಗೆ ಹೋಗಿ ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ತಂಗಿ ಬೇಡವೆಂದಿದ್ದಳು, ಅದಕ್ಕೇ ನಾಲಿಗೆ ಇನ್ನಷ್ಟು ತುರಿಸುತ್ತಿತ್ತು. ಇನ್ನು ಮೇಲಾದರೂ ಡಬ್ಬಿ ನಮ್ಮ ಮನೆ ಕಡೆ ತಿರುಗುತ್ತದೆ ಎಂದು ಆಸೆ. ಅವ್ವ ಆಗಲೂ ಜಗಲಿಯಲ್ಲಿ ಬೋಗುಣಿ ಇಟ್ಟುಕೊಂಡು ಕೂತಿದ್ದಳು. ಅವಳ ಕೈ ನಿಂತಿತು.

“ಬಲ್ತಿತ್ತು ಅಂದ್ಲಾ?”

“ಊಂ. ಬಾಗ್ಲಲ್ಲೇ ನಿಂತ್ಕೊಂಡು ಅಂದ್ಲು.”

ಅವ್ವ ಕೈಯಲ್ಲಿದ್ದ ಸಿಪ್ಪೆಯನ್ನು ಅಂಗಳಕ್ಕೆ ಎಸೆದಳು. ಇನ್ನೇನು ಬೈಗುಳ ಶುರುವಾಗುತ್ತದೆ ಎಂದು ನಾನು ಸೆರಗು ಸಿಕ್ಕಿಸಿಕೊಂಡು ಕೂತೆ.

“ಅಂಗಾರೆ ಇನ್ಮೇಕೆ ಎರಡು ಡಬ್ಬಿ ಕಳುಸ್ಬೇಕು,” ಎಂದಳು. “ಒಂದು ಆ ಮನೆಯೋರ್ಗೆ, ಒಂದು ನನ್ ಮಗೀಗೆ. ಇಷ್ಟು ದಿನ ಅದು ತಿಂದೇ ಇಲ್ವಲ್ಲ!”

“ಮತ್ತೆ ನಂಗೆ?” ಕೇಳಿಯೇಬಿಟ್ಟೆ. ಮೂವತ್ತು ದಾಟಿದ, ಎರಡು ಮಕ್ಕಳ ತಾಯಿ ನಾನು. ಚಿಕ್ಕ ಹುಡುಗಿಯ ಹಾಗೆ ದನಿ ಒಡೆದಿತ್ತು.

ಅವ್ವ ನನ್ನನ್ನು ಅಚ್ಚರಿಯಿಂದ ನೋಡಿದಳು. “ನಿಂಗೇನ್ಮಗ? ನಿನ್ನ ಯಾರು ಎದ್ದೋಗು ಅಂದಾರು?”

ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡು ನಾನೂ ಹಿತುಕಲು ಕೂತೆ. ಸಿಟ್ಟು ಬೆರಳಿಗಿಳಿದಿತ್ತು, ಒಂದೆರಡು ಕಾಳು ಜಜ್ಜಿಹೋದವು.

“ಮೆತ್ತಗೆ ಕಣೇ,” ಎಂದಳು ಅವ್ವ. “ಜಜ್ಜಿರದು ಕಂಡ್ರೆ ಆಯಮ್ಮ ಅದುಕ್ಕೂ ಏನಾರ ಅಂದಾಳು.”