ಎದುರಿನಿಂದ ಬಂದ ಕನ್ನಡ

ನಾಗಪುರದ ಅಂಚಿನಲ್ಲಿರುವ ವಾಡಿಯ ಲಾರಿಗಳ ಗದ್ದಲ ದಾಟಿ ಇನ್ನೂ ಸ್ವಲ್ಪ ದೂರ ಹೋದರೆ ಕ್ಯಾಥೊಲಿಕರ ಧ್ಯಾನಕೇಂದ್ರವೊಂದಿದೆ. ದಿನಾ ವಿಭೂತಿ ಹಚ್ಚುವವಳಿಗೆ ಅಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದಿತ್ತು. ಕೇಳುವವರೇ ಇರಲಿಲ್ಲ, ಅದೇ ನನ್ನ ತೊಂದರೆ. ಬ್ಯಾಂಕಿನವರು ನನ್ನನ್ನು ಹುಬ್ಬಳ್ಳಿಯಿಂದ ನಾಗಪುರಕ್ಕೆ ಎತ್ತಿ ಹಾಕಿದಾಗ ನನ್ನವರು ಜೊತೆಗಿದ್ದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಕನ್ನಡವೇ ನಿಂತುಹೋಯಿತು. ಬ್ಯಾಂಕಿನಲ್ಲಿ ಮರಾಠಿ, ತರಕಾರಿಯವನ ಹತ್ತಿರ ಹಿಂದಿ. ಫೋನು ಮಾಡಿದರೆ ತಂಗಿಗೆ ಸದಾ ಗಡಿಬಿಡಿ. ಕುಕ್ಕರ್ ಕೂಗಿದರೆ "ಬಂದೆ ತಡಿಯವಾ" ಎಂದು ಅದಕ್ಕೇ ಉತ್ತರ ಕೊಡುವ ಸ್ಥಿತಿಗೆ ಬಂದಿದ್ದೆ.

ಆ ಕೇಂದ್ರದ ತೋಟದಲ್ಲಿ ಮಾತಾಡುವಂತಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡಿರುವ ಜಾಗದಲ್ಲಿ ನನ್ನ ಒಂಟಿತನ ಎದ್ದು ಕಾಣುವುದಿಲ್ಲ. ಅದಕ್ಕೇ ಭಾನುವಾರ ಸಂಜೆ ಹೋಗುತ್ತಿದ್ದೆ. ಬೇವಿನ ಮರಗಳ ಕೆಳಗೆ ಕಲ್ಲುಬೆಂಚು, ಗವಿಯಂತೆ ಕಟ್ಟಿದ ಗೂಡಿನಲ್ಲಿ ಮಾತೆ ಮರಿಯಳ ಪ್ರತಿಮೆ, ಸುತ್ತಲೂ ಸಣ್ಣ ಕಂಬಗಳ ಮೇಲೆ ಯೇಸು ಶಿಲುಬೆ ಹೊತ್ತು ನಡೆದ ಕಥೆಯ ಚಿತ್ರಗಳು. ಜನ ಒಂದೊಂದರ ಮುಂದೆಯೂ ನಿಂತು ಪ್ರಾರ್ಥಿಸಿ ಮುಂದೆ ಹೋಗುತ್ತಾರೆ. ನನಗೆ ಗೊತ್ತಿದ್ದದ್ದು ಪ್ರದಕ್ಷಿಣೆ. ಚಪ್ಪಲಿ ಬಿಟ್ಟು, ತೋಟವನ್ನು ಬಲಕ್ಕೆ ಇಟ್ಟುಕೊಂಡು ಸುತ್ತತೊಡಗಿದೆ. ಬಿಸಿಲಿಗೆ ಕಾದ ಹಾಸುಗಲ್ಲು ಸಂಜೆಯೂ ಅಂಗಾಲು ಸುಡುತ್ತಿತ್ತು. ಅವರ ಕಥೆಯೋ ಇನ್ನೊಂದು ದಿಕ್ಕಿಗೆ ಸಾಗುವಂಥದು. ನಾನು ಯೇಸುವಿನ ಸಮಾಧಿಯ ಚಿತ್ರದಿಂದ ಶುರುಮಾಡಿ ವಿಚಾರಣೆಯ ಚಿತ್ರಕ್ಕೆ ಬಂದು ಮುಗಿಸುತ್ತಿದ್ದೆ. ಯಾರೂ ತಿದ್ದಲಿಲ್ಲ. ತಿದ್ದಬೇಕಾದರೆ ಮಾತಾಡಬೇಕಲ್ಲ!

ಹೀಗೆ ಉಲ್ಟಾ ಸುತ್ತುವುದರಿಂದ ಎಲ್ಲರೂ ನನಗೆ ಎದುರಾಗುತ್ತಿದ್ದರು. ಅವರಲ್ಲಿ ಒಬ್ಬಾಕೆಗೆ ನನ್ನದೇ ವಯಸ್ಸು. ಹತ್ತಿ ಸೀರೆ, ಕೈಯಲ್ಲಿ ಜಪಮಾಲೆ. ಒಂದು ಸಂಜೆ ನನ್ನನ್ನು ದಾಟುವಾಗ ಆಕೆಯ ಬಾಯಿಂದ "ಈಗಲೂ" ಎಂಬ ಮಾತು ಕೇಳಿಸಿತು. ಕಾಲು ಅಲ್ಲೇ ನಿಂತವು. ಮುಂದಿನ ಸುತ್ತಿನಲ್ಲಿ "ನಮಗಾಗಿ". ಕನ್ನಡ! ಆ ವಾರವೆಲ್ಲ ಮನಸ್ಸಿನಲ್ಲೇ ಆಕೆಯ ಜೊತೆ ಹರಟಿದೆ. ಜೋಳ ಎಲ್ಲಿ ಬೀಸಿಸುತ್ತೀರಿ, ಈ ಊರಿನ ಸೆಕೆ ಹೇಗೆ ತಡೆಯುತ್ತೀರಿ, ಮನೆಗೆ ಯಾವಾಗ ಬರುತ್ತೀರಿ. ಆಕೆಯ ಹಿಂದೆ ನಡೆದಿದ್ದರೆ ಅದು ಬರೀ ಬಾಯಿಪಾಠವೆಂದು ತಿಳಿಯುತ್ತಿತ್ತೋ ಏನೋ. ಎದುರಿನಿಂದ ಬಂದವಳಿಗೆ ಒಂದೆರಡು ಪದ ಸಿಕ್ಕವು, ಉಳಿದದ್ದನ್ನು ನಾನೇ ತುಂಬಿಕೊಂಡೆ.

ಮುಂದಿನ ಭಾನುವಾರ ಗೇಟಿನ ಹೊರಗೆ ಕಾದು ನಿಂತೆ. ಆಕೆ ಬಂದ ಕೂಡಲೇ ಒಂದೇ ಉಸಿರಿಗೆ, "ನೀವು ಕನ್ನಡದವರೇನ್ರಿ? ನಮ್ದು ಹುಬ್ಬಳ್ಳಿರೀ. ನಿಮ್ದು ಯಾವ ಊರು?" ಎಂದೆ.

"ಕ್ಯಾ ಬೋಲಾ ಆಪ್‌ನೇ?" ಎಂದರು.

ಅಳು ಬಂತು. ಪಾಪ, ಆಕೆಯ ಮೇಲೆ ಸಿಟ್ಟೂ ಬಂತು. ಆಕೆ ಹಿಂದಿಯಲ್ಲಿ ವಿವರಿಸಿದರು. ಹುಟ್ಟಿ ಬೆಳೆದದ್ದು ಇಲ್ಲೇ ಪಕ್ಕದ ಕಾಮಠಿಯಲ್ಲಿ, ತಾಯಿ ಗದಗ ಕಡೆಯವರು. ಆ ತಾಯಿ ಮಕ್ಕಳಿಗೆ ಪ್ರಾರ್ಥನೆಯೊಂದನ್ನು ಮಾತ್ರ ಕನ್ನಡದಲ್ಲಿ ಕಲಿಸಿದ್ದರು. ಅದರ ಒಂದು ಪದದ ಅರ್ಥವೂ ಆಕೆಗೆ ಗೊತ್ತಿರಲಿಲ್ಲ.

ಇನ್ನೇನು ಹೊರಡಬೇಕು, ಆಕೆ ನನ್ನ ಕೈ ಹಿಡಿದುಕೊಂಡರು. ಒಂದು ಮಾತಿನ ಅರ್ಥ ಕೇಳಬೇಕಿತ್ತಂತೆ. ಕೊನೆಯ ದಿನಗಳಲ್ಲಿ ತಾಯಿ ಹಿಂದಿ, ಮರಾಠಿ ಎರಡನ್ನೂ ಮರೆತಿದ್ದರು. ಮಲಗಿದಲ್ಲಿಂದ ಒಂದೇ ಸಾಲು ಹೇಳುತ್ತಿದ್ದರು. ಅದೂ ಯಾವುದೋ ಪ್ರಾರ್ಥನೆ ಎಂದುಕೊಂಡು ಮನೆಯವರೆಲ್ಲ ಹಾಸಿಗೆಯ ಸುತ್ತ ನಿಂತು, ಕೈ ಮುಗಿದು, ತುಟಿ ಪಿಟಕ್ಕೆನ್ನದೆ ಕೇಳುತ್ತಿದ್ದರು. ಆಕೆ ಕಣ್ಣು ಮುಚ್ಚಿ ಅದನ್ನು ಒಪ್ಪಿಸಿದರು.

"ಯಾರರೆ ನನ್ನ ಕೂಡ ಮಾತಾಡ್ರೋ."

ಆಕೆ ಕಣ್ಣು ತೆರೆದು ನನ್ನ ಮುಖವನ್ನೇ ನೋಡಿದರು.

"ಪ್ರಾರ್ಥನಾ ಹೀ ಥೀ ನಾ?"

"ಹಾಂ ಜೀ, ಪ್ರಾರ್ಥನಾ ಹೀ ಥೀ" ಎಂದೆ. ಸುಳ್ಳು ಹೇಳಿದೆ ಎಂದು ನನಗೆ ಈವತ್ತಿಗೂ ಅನ್ನಿಸಿಲ್ಲ.