ತಾರಸಿಯ ಮೇಲಿನ ಸ್ಟೀಲ್ ಲೋಟ

ಗಾಲ್ಫಿನಲ್ಲಿ ದೂರಕ್ಕೆ ಹೊಡೆಯುವುದೇ ಕಷ್ಟ ಎಂದುಕೊಂಡವರು ಆ ಆಟ ಆಡಿಲ್ಲ ಎಂದೇ ಅರ್ಥ. ದೂರಕ್ಕೆ ಯಾರು ಬೇಕಾದರೂ ಬೀಸಬಹುದು. ಪ್ರಾಣ ಹಿಂಡುವುದು ಕೊನೆಯ ನಾಲ್ಕು ಅಡಿ. ನುಣ್ಣಗೆ ಕತ್ತರಿಸಿದ ಹುಲ್ಲು, ಕಣ್ಣೆದುರಿಗೇ ಕುಳಿ, ಕೈಯಲ್ಲಿ ಪಟ್ಟರ್ ಎಂಬ ಗಿಡ್ಡ ಕೋಲು. ಮೆಲ್ಲಗೆ ತಳ್ಳಿದರೆ ಮುಗಿಯಿತು. ಆ ಚೆಂಡನ್ನು ನಾನು ಎರಡು ವರ್ಷ ಕುಳಿಯ ಎಡಕ್ಕೋ ಬಲಕ್ಕೋ ಕಳಿಸುತ್ತಲೇ ಬಂದೆ.

ನಾನು ನಾಲೆಗಳ ಇಂಜಿನಿಯರ್ ಆಗಿದ್ದವನು. ನೀರಿಗೆ ಇಳಿಜಾರು ತೋರಿಸಿಯೇ ಹೊಟ್ಟೆ ಹೊರೆದದ್ದು. ನಿವೃತ್ತನಾಗಿ ದಟ್ಟಗಳ್ಳಿಯ ಮನೆಯಲ್ಲಿ ಕೂತ ಮೇಲೆ ಪೇಪರನ್ನು ಎರಡೆರಡು ಸಲ ಓದುವುದು, ಹೆಂಡತಿ ಮಾಡಿದ ಸಾರಿಗೆ ಉಪ್ಪು ಕಡಿಮೆ ಅನ್ನುವುದು, ಇಷ್ಟೇ ಕೆಲಸ. ಅದನ್ನು ನೋಡಲಾರದೆ ಜಯಲಕ್ಷ್ಮಿಪುರಂನ ಸ್ನೇಹಿತರೊಬ್ಬರು ನನ್ನನ್ನು ಬೆಟ್ಟದ ಕಡೆಯ ಗಾಲ್ಫ್ ಮೈದಾನಕ್ಕೆ ಎಳೆದುಕೊಂಡು ಹೋದರು. ಅವರು ಹಲ್ಲಿನ ಡಾಕ್ಟರು. ಜನರ ಬಾಯೊಳಗೆ ಒಂದು ದಿನವೂ ನಡುಗದ ಅವರ ಕೈ ಕುಳಿಯ ಮುಂದೆ ಗಡಗಡ ನಡುಗುತ್ತಿತ್ತು. ನನ್ನ ಕೈಯ ವಿಚಾರ ಕೇಳಲೇಬೇಡಿ.

ಡಾಕ್ಟರು ನಾಲ್ಕು ಪಟ್ಟರ್ ಬದಲಾಯಿಸಿದರು. ಉಸಿರು ಕಟ್ಟಿ ಹೊಡೆದರು, ಒಂದು ಕಣ್ಣು ಮುಚ್ಚಿಕೊಂಡು ಹೊಡೆದರು. ಕಡೆಗೆ ಆಯುಧಪೂಜೆಯ ದಿನ ಕಾರಿನ ಜೊತೆಗೆ ಪಟ್ಟರಿಗೂ ಪೂಜೆ ಮಾಡಿ, ಆ ಅರಿಶಿನ ಕುಂಕುಮದ ಸಮೇತ ಆಡಲು ಬಂದರು. ಚೆಂಡಿಗೆ ಕುಂಕುಮ ಹತ್ತಿತೇ ಹೊರತು ಕುಳಿಗೆ ಚೆಂಡು ಬೀಳಲಿಲ್ಲ.

"ಒರೆಸ್ಬಾರ್ದಾ ಡಾಕ್ಟ್ರೇ?" ಎಂದೆ.

"ಇರ್ಲಿ ಕಣ್ರೀ. ದೇವ್ರು ಇವತ್ತಲ್ಲ ನಾಳೆ ಕಣ್ಣು ಬಿಡ್ತಾನೆ," ಎಂದರು.

ನಮ್ಮಿಬ್ಬರಿಗೂ ಗೊತ್ತಿದ್ದ ಶಾಸ್ತ್ರ ಒಂದೇ: ಚೆಂಡು ಯಾವತ್ತೂ ಬೆಟ್ಟಕ್ಕೆ ಬೆನ್ನು ಹಾಕಿಯೇ ಹೊರಳುತ್ತದೆ. ಮೈದಾನದಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ನೆಲ ನೋಡಬೇಕಾದ ಇಂಜಿನಿಯರ್ ನಾನು, ಬೆಟ್ಟ ನೋಡಿಕೊಂಡು ಹೊಡೆಯುತ್ತಿದ್ದೆ.

ದಸರಾ ಮುಗಿದ ಮೇಲೆ ಮನೆಯ ತಾರಸಿಯಲ್ಲಿ ಅಭ್ಯಾಸ ಶುರು ಮಾಡಿದೆ. ಮೊದಲ ದಿನವೇ ಎರಡು ಚೆಂಡು ಮಳೆನೀರು ಹೋಗುವ ತೂತಿನಲ್ಲಿ ಇಳಿದು ಪೈಪಿನಲ್ಲಿ ಮಾಯವಾದವು. ಆ ತೂತಿನ ಮುಂದೆಯೇ ಒಂದು ದೊಡ್ಡ ಸ್ಟೀಲ್ ಲೋಟವನ್ನು ಮಲಗಿಸಿ ಅದನ್ನೇ ಕುಳಿ ಎಂದುಕೊಂಡೆ. ಎಂಥ ಬದಲಾವಣೆ ಅಂತೀರಿ! ಒಂದು ವಾರಕ್ಕೆ ಹತ್ತರಲ್ಲಿ ಆರು, ತಿಂಗಳಿಗೆ ಹತ್ತರಲ್ಲಿ ಹತ್ತು. ಚೆಂಡು ಲೋಟದೊಳಗೆ ಟಣ್ ಎಂದಾಗಲೆಲ್ಲ ಒಬ್ಬನೇ ಗಟ್ಟಿಯಾಗಿ ನಗುತ್ತಿದ್ದೆ. ಮೈದಾನದಲ್ಲಿ ಮಾತ್ರ ಚೆಂಡು ಹಳೇ ಚಾಳಿ ಬಿಡಲಿಲ್ಲ. ಅದಕ್ಕೆ ಅಲ್ಲಿಯ ಹುಲ್ಲು ಕಾರಣ ಎಂದು ಡಾಕ್ಟರಿಗೆ ಫೋನಿನಲ್ಲಿ ಅರ್ಧ ಗಂಟೆ ಪಾಠ ಹೇಳಿದೆ.

ಶಿವರಾತ್ರಿ ಕಳೆದು ಬಿಸಿಲು ಬಲಿಯಿತು. ಒಂದು ದಿನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ತಾರಸಿಗೆ ಬಂದಳು.

"ರೀ, ಸಬ್ಬಕ್ಕಿ ನೆನೆಹಾಕ್ಬೇಕು. ಟೆರೇಸ್ ಬುಟ್ಕೊಡಿ."

"ಈಗ ಕೈ ಕುದುರ್ತಾ ಇದೆ ಕಣೇ. ನಡುವೆ ಬಿಟ್ರೆ ಎಲ್ಲಾ ಹೋಯ್ತು."

"ಅಕ್ಕಪಕ್ಕದೋರೆಲ್ಲ ಸಂಡಿಗೆ ಒಣಗ್ಸಿ ಡಬ್ಬ ತುಂಬ್ಕೊಂಡ್ರು. ನಮ್ಮನೇಲಿ ಬಾಲ್ ಒಣಗ್ತಾ ಅದೆ."

ಕಡೆಗೆ ಒಂದು ಒಪ್ಪಂದವಾಯಿತು. ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಗಂಡ ಹೆಂಡತಿಯರ ಪಟ್ಟಿಂಗ್ ಪಂದ್ಯವಿತ್ತು, ಪಟ್ಟರ್ ಒಂದರಿಂದಲೇ ಆಡುವುದು. ಮೊದಲು ಗಂಡ ಹೊಡೆಯಬೇಕು, ಚೆಂಡು ನಿಂತಲ್ಲಿಂದ ಹೆಂಡತಿ, ಮತ್ತೆ ಗಂಡ. ನಾವು ಗೆದ್ದರೆ ಬೇಸಿಗೆ ಪೂರ್ತಿ ತಾರಸಿ ನನ್ನದು. ಸೋತರೆ ತಾರಸಿ ಅವಳಿಗೆ, ಪಟ್ಟರ್ ಅಟ್ಟಕ್ಕೆ. ಬಾಯಿಮಾತಿಗೆ ಒಪ್ಪಿಕೊಂಡೆನೇ ಹೊರತು ಒಳಗೊಳಗೇ ಹೆದರಿದ್ದೆ. ಪಟ್ಟರ್ ಅಟ್ಟ ಸೇರಿದರೆ ನಾನು ಮತ್ತೆ ಪೇಪರು ಹಿಡಿದು ಅದೇ ಕುರ್ಚಿಯಲ್ಲಿ ಕೂರಬೇಕಿತ್ತು.

ಭಾನುವಾರ ನಮ್ಮ ಪುಣ್ಯಕ್ಕೆ ಎಲ್ಲರೂ ನಮ್ಮಷ್ಟೇ ಕೆಟ್ಟದಾಗಿ ಆಡಿದರು. ಕೊನೆಯ ಕುಳಿಗೆ ಬಂದಾಗ ನಾವೂ ಡಾಕ್ಟರ ದಂಪತಿಯೂ ಸಮಸಮ. ಅವರು ಮೂರು ಹೊಡೆತಕ್ಕೆ ಮುಗಿಸಿದರು. ನಾವು ಎರಡರಲ್ಲಿ ಮುಗಿಸಿದರೆ ಗೆದ್ದಂತೆ.

ಹುಲ್ಲು ಹಾಳಾದೀತೆಂದು ಹೆಂಡತಿ ಬೆಳಗಿನಿಂದ ಚಪ್ಪಲಿ ಬಿಟ್ಟೇ ಆಡಿದ್ದಳು. ಈಗ ಬರಿಗಾಲಲ್ಲಿ ಕುಳಿಯವರೆಗೆ ನಡೆದು ವಾಪಸು ಬಂದು ಪಿಸುಗುಟ್ಟಿದಳು. "ಬೆಟ್ಟದ ಕಡೆಗೆ ಬೇಡ, ಕುಳಿಯಿಂದ ಈಚೆಗೇ ಹೊಡೀರಿ. ಇಲ್ಲಿ ಅದು ಬೆಟ್ಟದ ಕಡೆಗೇ ಓಗ್ತದೆ."

"ನಿಂಗೊತ್ತಾಗಲ್ಲ, ಸುಮ್ನಿರು," ಎಂದು ಕುಳಿಯಿಂದ ಬೆಟ್ಟದ ಕಡೆಗೆ ಒಂದು ಗೇಣು ಬಿಟ್ಟು, ಚೆಂಡು ತಾನಾಗಿ ಈಚೆ ಹೊರಳಲಿ ಎಂದು ತಳ್ಳಿದೆ. ಅದು ಈಚೆ ಬರಲಿಲ್ಲ. ಬೆಟ್ಟದ ಕಡೆಗೇ ಓಡುತ್ತ, ಕುಳಿ ದಾಟಿ, ಹುಲ್ಲಿನ ಅಂಚಿನಲ್ಲಿ ಹೋಗಿ ನಿಂತಿತು. ಮೊದಲಿಗಿಂತ ದೂರ. ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, "ಪರ್ವಾಗಿಲ್ಲ ಬಿಡಿ, ನಾವೇನು ಹೊಟ್ಟೆಪಾಡಿಗೆ ಆಡ್ತೀವಾ," ಎಂದರು. ಆ ಕನಿಕರಕ್ಕೆ ಮೈ ಉರಿದುಹೋಯಿತು.

ಹೆಂಡತಿ ಪಟ್ಟರ್ ತೆಗೆದುಕೊಂಡಳು. ಪೊರಕೆ ಹಿಡಿದ ಹಾಗೆಯೇ ಹಿಡಿದಳು. ನೆಲವನ್ನು ಒಂದು ಗಳಿಗೆ ನೋಡಿ, ಕುಳಿಯನ್ನು ಬಿಟ್ಟು ಪೂರಾ ಬೇರೆ ಕಡೆಗೇ ಹೊಡೆದಳು. ನಾನು ಕಣ್ಣು ಮುಚ್ಚಿಕೊಂಡೆ. ಸುತ್ತಲಿನವರ ಚಪ್ಪಾಳೆ ಕೇಳಿ ಕಣ್ಣು ಬಿಟ್ಟರೆ ಚೆಂಡು ಕುಳಿಯೊಳಗಿತ್ತು.

ಬಹುಮಾನದ ಹಾಟ್‌ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕಾರಿನಲ್ಲಿ ಅದರ ಮುಚ್ಚಳ ತೆಗೆದು ನೋಡುತ್ತಿದ್ದಳು. ತಡೆಯಲಾರದೆ ನಾನೇ ಕೇಳಿದೆ. "ನಿಂಗೆ ಹೇಗೆ ಗೊತ್ತಾಯ್ತೇ?"

"ಇದ್ರಲ್ಲೇನದೆ? ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಬಾಗ್ಲಿಗೆ ನೀರಾಕ್ತಿಲ್ವಾ? ನೀರು ಎತ್ಲಾಗೆ ಓಗ್ತದೆ ಅಂತ ಕಾಲಿಗೇ ತಿಳೀತದೆ." ಮುಚ್ಚಳ ಹಾಕುತ್ತ, "ನಮ್ಮ ಟೆರೇಸ್‌ನಲ್ಲಿ ಎಲ್ಲ ನೀರೂ ಆ ತೂತಿಗೇ ಅಲ್ವಾ ಓಗೋದು," ಎಂದಳು.

ಕಾರಿನ ವೇಗ ತಾನಾಗಿ ಇಳಿಯಿತು. ಒಂದು ತೊಟ್ಟು ನೀರೂ ನಿಲ್ಲಬಾರದೆಂದು ಮೇಸ್ತ್ರಿಯ ಜೊತೆ ಜಗಳವಾಡಿ, ಆ ತಾರಸಿಗೆ ನಾಲ್ಕೂ ಕಡೆಯಿಂದ ತೂತಿಗೆ ಇಳಿಜಾರು ಕೊಡಿಸಿದವನು ನಾನೇ. ಕುರುಡ ತಳ್ಳಿದರೂ ಚೆಂಡು ಆ ಲೋಟಕ್ಕೇ ಬಂದು ಬೀಳುತ್ತಿತ್ತು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ನೀನು?"

"ರಿಟೈರಾದ್ಮೇಲೆ ನೀವು ನಕ್ಕಿದ್ದೇ ನಾನು ಕೇಳಿರ್ಲಿಲ್ಲ. ಲೋಟ ಟಣ್ ಅಂದಾಗ ನಗ್ತಿದ್ರಲ್ಲ, ಕೆಳಗೆ ಅಡ್ಗೆಮನೆಗೆ ಕೇಳ್ತಿತ್ತು," ಎಂದು ಕಿಟಕಿಯ ಆಚೆ ನೋಡಿದಳು. "ಸಂಡಿಗೆ ಎಲ್ಲಿ ಓಡೋಗ್ತದೆ ಬುಡಿ."

ತಾರಸಿ ಗೆದ್ದವನಿಗೆ ತಾರಸಿ ಬೇಡವಾಗಿತ್ತು.

ಮರುದಿನವೇ ಸಬ್ಬಕ್ಕಿ ನೆನೆಹಾಕಿಸಿದೆ. ಅದರ ಮಾರನೆಯ ಬೆಳಿಗ್ಗೆ ತಾರಸಿ ಗುಡಿಸಿ, ಹಳೇ ಪಂಚೆ ಹಾಸಿ, ಅವಳ ಜೊತೆ ಕೂತು ಸಂಡಿಗೆ ಇಟ್ಟೆ. ನಾನು ಇಟ್ಟವು ಒಂದೂ ದುಂಡಗಿರಲಿಲ್ಲ. ಅವಳು ಕೆಳಗೆ ಹೋದ ಮೇಲೆ ಗೋಡೆಯ ಪಕ್ಕದಲ್ಲಿ ಉದ್ದಕ್ಕೂ ಉಳಿದಿದ್ದ ಒಂದು ಮೊಳ ಅಗಲದ ಜಾಗ ಕಂಡಿತು. ಲೋಟವನ್ನು ಅಲ್ಲಿಗೆ, ತಾರಸಿಯ ಎತ್ತರದ ಮೂಲೆಗೆ ಒಯ್ದು ಮಲಗಿಸಿದೆ. ಇನ್ನಾದರೂ ನಿಜವಾಗಿ ಕಲಿಯೋಣ ಎಂದು ಹತ್ತು ಸಲ ತಳ್ಳಿದೆ. ಹತ್ತೂ ಸಲ ಚೆಂಡು ಅರ್ಧ ಹತ್ತಿ ನನ್ನ ಕಾಲಿಗೇ ವಾಪಸು ಬಂತು.

ಕೆಳಗಿನಿಂದ ಅವಳ ದನಿ ಬಂತು. "ಏನ್ರೀ, ಸದ್ದೇ ಇಲ್ಲ?"

ನಾನು ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಲೋಟದ ಹತ್ತಿರ ಹೋದೆ. ಲೋಟವನ್ನು ನೆಟ್ಟಗೆ ನಿಲ್ಲಿಸಿ ಚೆಂಡನ್ನು ಒಳಗೆ ಬಿಟ್ಟೆ. ಟಣ್ ಎಂದಿತು.

"ಬಿತ್ತಾ?"

"ಬಿತ್ತು ಕಣೇ," ಎಂದು ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ನಕ್ಕೆ.