ನರ್ಸಬಾಯಿಯ ಬೆಕ್ಕುಗಳು

ಅವರ ಎರಡೂ ಕೈಗಳ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಗೀರುಗಳಿದ್ದವು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಅವುಗಳ ಮೇಲೆ ಸದಾ ಟಿಂಚರಿನ ಕಂದು ಕಲೆ. ಹೆರಿಗೆಗೆ ಹೋಗುವಾಗ ಮಾತ್ರ ಉದ್ದ ತೋಳಿನ ಕುಪ್ಪಸ ತೊಡುತ್ತಿದ್ದರು. ಕೂಸನ್ನು ಹಿಡಿಯುವ ಕೈ ಹೀಗಿದ್ದರೆ ಹಡೆದವಳು ಹೆದರಿಯಾಳು ಎಂಬ ಸಂಕೋಚ.

ರೋಣದವರೆಲ್ಲ ಅವರನ್ನು ನರ್ಸಬಾಯಿ ಎನ್ನುತ್ತಿದ್ದರು. ದವಾಖಾನೆಯಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಹೆರಿಗೆ ಮಾಡಿಸುವುದು ಅವರ ಕೆಲಸ. ಐವತ್ತರ ದಶಕದಲ್ಲಿ ನಾನು ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದಾಗ ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ನನಗೆ ಇಪ್ಪತ್ತೆರಡು, ಅವರಿಗೆ ಐವತ್ತು ದಾಟಿತ್ತು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ದಿನವೂ ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟು, "ಸಾಕಾಗೇತ್ರಿ ಅಕ್ಕೋರ, ಖರೇನ ಸಾಕಾಗೇತಿ," ಎನ್ನುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎಂದೇ ಕರೆಯುವುದು. ಹಾಗಂದವರೇ ಎದ್ದು ಹಿಂದಿನ ಕೋಣೆಗೆ ಹೋಗುತ್ತಿದ್ದರು. ಅಲ್ಲಿ ಬೆಕ್ಕುಗಳಿರುತ್ತಿದ್ದವು.

ಸಾಕಿದ ಬೆಕ್ಕುಗಳಲ್ಲ. ಜೋಳ, ಕಡಲೆ, ಹತ್ತಿಯ ಪೇಟೆಯಲ್ಲಿ ಇಲಿ ಹಿಡಿದು ಬದುಕುವ, ಯಾರ ಕೈಗೂ ಸಿಗದ ಬೆಕ್ಕುಗಳು. ಅಂಗಡಿಯವರಿಗೆ ಬೆಕ್ಕು ಬೇಕಿತ್ತು, ಮರಿಗಳು ಬೇಡವಾಗಿದ್ದವು. ಅವನ್ನು ಗೋಣಿಚೀಲದಲ್ಲಿ ಕಟ್ಟಿ ಹಾಳುಬಾವಿಗೆ ಎಸೆಯುತ್ತಿದ್ದರು. ಒಮ್ಮೆ ಹೆರಿಗೆ ಮುಗಿಸಿ ಆ ದಾರಿಯಲ್ಲಿ ಬರುತ್ತಿದ್ದ ನರ್ಸಬಾಯಿ, ನೀರಿನ ಮೇಲೆ ಚೀಲವೊಂದು ಮಿಸುಕಾಡುವುದನ್ನು ಕಂಡರು. ಓಡಿಹೋಗಿ ಹಗ್ಗ ತರುವಷ್ಟರಲ್ಲಿ ಅದು ಮುಳುಗಿತ್ತು. ಮರುದಿನವೇ ದನದ ದವಾಖಾನೆಯ ಡಾಕ್ಟರ ಮುಂದೆ ನಿಂತು, ಪೇಟೆಯ ಬೆಕ್ಕುಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಿಕೊಡಿ ಎಂದರು.

"ನಾ ಎತ್ತು ಎಮ್ಮಿ ನೋಡಾಂವ್ರಿ ಬಾಯಾರ. ಬೆಕ್ಕಿಂದೆಲ್ಲಿ ಹಚ್ಚಿದ್ರಿ?" ಎಂದರಂತೆ ಡಾಕ್ಟರು.

"ಕಾಲೇಜಿನ್ಯಾಗ ಕಲಿಸಿರ್ತಾರಲ್ರಿ. ಮರ್ತೀನಿ ಅನ್ರಿ, ಹೊಳ್ಳಿ ಹೋಗ್ತೀನಿ."

ಮುಂಬಯಿಯಲ್ಲಿ ಕಲಿತು ಬಂದಿದ್ದ ಆ ತರುಣ ಡಾಕ್ಟರಿಗೆ ಮರೆತೆನೆಂದು ಹೇಳಲು ಮನಸ್ಸು ಬರಲಿಲ್ಲ. ನರ್ಸಬಾಯಿ ಬುಟ್ಟಿಯ ಕೆಳಗೆ ಹಾಲಿಟ್ಟು ಹಿಡಿದು ತಂದ ಒಂದೋ ಎರಡೋ ಬೆಕ್ಕಿಗೆ ಭಾನುವಾರಗಳಂದು ಮತ್ತು ಬರುವ ಔಷಧ ಮೂಸಿಸಿ, ಹೊಟ್ಟೆ ಕೊಯ್ದು ಹೊಲಿದು ಕೊಡುತ್ತಿದ್ದರು. ಮುಂದಿನ ಹತ್ತು ದಿನದ ಆರೈಕೆ ನರ್ಸಬಾಯಿಯದು. ಕಿಟಕಿಗೆ ಗೋಣಿತಟ್ಟು ಕಟ್ಟಿ ಕತ್ತಲು ಮಾಡುವರು. ಹಳೆಯ ಸೀರೆ ಹಾಸಿ ಬೆಕ್ಕನ್ನು ಮಗ್ಗುಲಾಗಿ ಮಲಗಿಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಬದಿಗಿಟ್ಟು, ಮೇಲೆ ಬುಟ್ಟಿ ಕವುಚಿ ಕಲ್ಲು ಹೇರುವರು. ದಿನಕ್ಕೆರಡು ಸಲ ಹೊಲಿಗೆ ನೋಡುವರು, ಗೀರುಗಳಾಗುತ್ತಿದ್ದುದು ಆಗ. ಮುದ್ದು ಮಾಡುವಂತಿಲ್ಲ, ಹೆಸರಿಡುವಂತಿಲ್ಲ.

"ಇವಕ್ಕ ನಮ್ಮ ಪ್ರೀತಿ ಬ್ಯಾಡ್ರಿ ಅಕ್ಕೋರ," ಎನ್ನುತ್ತಿದ್ದರು. "ಅಂಜಿಕಿ ಕಡಿಮಿ ಆದ್ರ ಸಾಕು."

ಒಂದು ಭಾನುವಾರ ಪಟ್ಟೆಪಟ್ಟೆಯ ಬೆಕ್ಕೊಂದನ್ನು ತಂದು ಮಲಗಿಸಿದ್ದರು, ಅಷ್ಟರಲ್ಲಿ ಮುಶಿಗೇರಿಯಿಂದ ಚಕ್ಕಡಿ ಗಾಡಿ ಬಂತು. ಕಷ್ಟದ ಹೆರಿಗೆ. "ಎದ್ದು ಕುಂತು ತಲಿ ನೆಟ್ಟಗ ಹಿಡಿಯೂತನಕ ಬಾಯಿಗೆ ಏನೂ ಹಾಕಬ್ಯಾಡ್ರಿ," ಎಂದು ನನಗೆ ಹೇಳಿ ಹತ್ತಿದರು.

ನನ್ನ ಮುಂದೆ ತಿದ್ದಬೇಕಾದ ಉತ್ತರಪತ್ರಿಕೆಗಳ ರಾಶಿ ಇತ್ತು. ಬೆಕ್ಕು ಅರೆಮತ್ತಿನಲ್ಲಿ ಒಂದೇ ಸಮನೆ ನರಳುತ್ತಿತ್ತು. ಕರುಣೆಗಿಂತ ಹೆಚ್ಚಾಗಿ ಬೇಸರಕ್ಕೆ, ಆ ದನಿ ನಿಂತರೆ ಸಾಕೆಂದು, ಬುಟ್ಟಿ ಎತ್ತಿ ಚಮಚದಿಂದ ಹಾಲು ಹನಿಸಿದೆ. ಹಾಲು ನೆತ್ತಿಗೇರಿತು. ಬೆಕ್ಕು ಕೆಮ್ಮಿತು, ಕಾಲು ಸೆಳೆಯಿತು, ಸುಮ್ಮನಾಯಿತು.

ನರ್ಸಬಾಯಿ ಮರುದಿನ ಬೆಳಿಗ್ಗೆ ಮೈಯೆಲ್ಲ ಧೂಳಾಗಿ ಬಂದರು. ಅಲ್ಲಿ ತಾಯಿ ಕೂಸು ಇಬ್ಬರೂ ಉಳಿದಿದ್ದರು. "ಬೆಕ್ಕು ಏಳಲೇ ಇಲ್ರಿ. ತಾನ ಹೋತು," ಎಂದೆ. ಅವರು ಅದನ್ನು ಎತ್ತಿಕೊಂಡು ನೋಡಿದರು. ಹಿತ್ತಲಲ್ಲಿ ಹೂತು, ಸ್ನಾನ ಮಾಡಿ ದವಾಖಾನೆಗೆ ಹೋದರು. ಅಂದು ಶಾಲೆಯಲ್ಲಿ ನನಗೆ ಪಾಠ ಮಾಡಲಾಗಲಿಲ್ಲ. ಸಂಜೆ ಅವರು ಬಂದ ಕೂಡಲೇ ಹೇಳಿಬಿಟ್ಟೆ.

"ಗೊತ್ತಾಗಿತ್ರಿ," ಎಂದರು. "ಮೀಸಿಗೆ ಹಾಲ ಹತ್ತಿತ್ತು."

ಗೋಡೆಗೆ ಒರಗಿ ಕುಳಿತರು. ಆಮೇಲೆ, "ನನ್ನ ಕೈಯಾಗೂ ಹೋಗ್ಯಾವ. ಬೆಕ್ಕ ಅಷ್ಟ ಅಲ್ಲ. ಒಂದ ಹೆರಿಗಿಗೆ ಕರದಾಗ ಎರಡ ದಿನ ನಿದ್ದಿ ಇರಲಿಲ್ಲ, ಬ್ಯಾರೇದವರನ್ನ ಕರೀರಿ ಅಂತ ಹೇಳಬೇಕಿತ್ತು. ಹೇಳಲಿಲ್ಲ," ಎಂದರು. ಯಾರು, ಯಾವ ಊರಲ್ಲಿ ಎಂದು ನಾನು ಕೇಳಲಿಲ್ಲ.

ಮುಂದಿನ ಭಾನುವಾರ ಕಪ್ಪು ಬೆಕ್ಕೊಂದರ ಬುಟ್ಟಿಯನ್ನು ನೇರ ನನ್ನ ಕೋಣೆಗೇ ತಂದಿಟ್ಟರು. ನನ್ನ ಕೈಲಾಗದು ಎಂದೆ.

"ಕಾಯೂದಷ್ಟ ಕೆಲಸ. ಮತ್ತೇನೂ ಮಾಡಬ್ಯಾಡ್ರಿ."

ಕಾದೆ. ಅದು ಎದ್ದು ಕುಳಿತು ಬುಟ್ಟಿಯ ಸಂದಿನಿಂದ ನನ್ನನ್ನು ನೋಡಿ ಫುಸ್ಸೆಂದಾಗ ಜೀವ ಬಂದಂತಾಯಿತು. ಹತ್ತನೆಯ ದಿನ ಬಿಟ್ಟೆವು. ಹಿಂತಿರುಗಿ ನೋಡದೆ ಗೋಡೆ ಹಾರಿ ಹೋಯಿತು. ನಾನು ಅತ್ತೆ. ನರ್ಸಬಾಯಿ ಬುಟ್ಟಿ ತೊಳೆಯಲು ಹೋದರು.

ಎರಡು ವರ್ಷದ ನಂತರ ನನಗೆ ನರಗುಂದಕ್ಕೆ ವರ್ಗವಾಯಿತು. ಅಲ್ಲಿದ್ದಾಗ ದನದ ಡಾಕ್ಟರ ಕಾಗದ ಬಂತು: ಬಾಯಾರಿಗೆ ಎದೆಯಲ್ಲಿ ಕಫ ಕಟ್ಟಿದೆ, ನೋಡಿಕೊಳ್ಳುವವರಿಲ್ಲ. ರಜೆ ಹಾಕಿ ಬಸ್ಸು ಹತ್ತಿದೆ. ಹಿಂದಿನ ಕೋಣೆಯಲ್ಲಿ ಎರಡು ಬುಟ್ಟಿಗಳಿದ್ದವು. ಹಾಸಿಗೆಯಲ್ಲಿದ್ದವರು ನನ್ನನ್ನು ಕಂಡು ಮೊದಲು ಕೇಳಿದ್ದು, "ಹೊಲಿಗಿ ನೋಡಿದ್ರೇನು?"

ಐದು ದಿನ ಅವರಿಗೂ ಬೆಕ್ಕುಗಳಿಗೂ ಬಿಸಿನೀರು ಕಾಯಿಸುತ್ತ ಓಡಾಡಿದೆ. ಕೊನೆಯ ಮಧ್ಯಾಹ್ನ ಹಣೆಯ ಬೆವರು ಒರೆಸುತ್ತಿದ್ದೆ. ನನ್ನ ಕೈ ಹಿಡಿದು ನಿಲ್ಲಿಸಿ, "ದಣದೀರಿ ಅಕ್ಕೋರ, ಕುಂದರ್ರಿ," ಎಂದರು. ಕುಳಿತೆ. ಬಿಸಿಲು ಇಳಿಯುವ ಮೊದಲೇ ಅವರ ಉಸಿರು ನಿಂತಿತು.

ಬೆಕ್ಕುಗಳ ಹೊಲಿಗೆ ಬಿಚ್ಚುವ ದಿನ ಡಾಕ್ಟರು ತಾವೇ ಮನೆಗೆ ಬಂದರು. ಎರಡನ್ನೂ ಬಿಟ್ಟಾದ ಮೇಲೆ ಕೈ ತೊಳೆಯುತ್ತ, "ಮುಂದ ಯಾರ ನೋಡ್ತಾರ್ರಿ? ನಾ ಕೊಯ್ಯಬಲ್ಲೆ, ಕಾಯಾಕ ನನ್ನಿಂದ ಆಗೂದಿಲ್ಲ," ಎಂದರು. ನಾನು ಬುಟ್ಟಿಗಳನ್ನು ತೊಳೆಯಲು ಒಯ್ದೆ.

ನರಗುಂದಕ್ಕೆ ಮರಳಿದ ವಾರದಲ್ಲಿ, ಮತ್ತೆ ರೋಣಕ್ಕೆ ವರ್ಗ ಬೇಡಿ ಅರ್ಜಿ ಬರೆದೆ. ಕಾರಣ ಕೇಳಿದ್ದ ಜಾಗದಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ತಿಳಿಯಲಿಲ್ಲ. ಕಡೆಗೆ 'ಮನೆಯವರ ಆರೈಕೆಗಾಗಿ' ಎಂದು ಬರೆದು ಸಹಿ ಹಾಕಿದೆ.